ಪಟ್ಟಿಯಲ್ಲಿ ಇಲ್ಲದ್ದು

ಮೊದಲನೆಯದರಲ್ಲಿ ಹೊಸ ಜಾರುಬಂಡೆ,
ಹದಿನೆಂಟು ಮಕ್ಕಳಿಗೆ ಇಬ್ಬರು ಟೀಚರು.
ಎರಡನೆಯದರಲ್ಲಿ ಸೂಪಿನ ವಾಸನೆ;
ಕೋಟು ನೇತುಹಾಕುವ ಗೂಟ
ನಮ್ಮ ಐಲಾಳ ಕೈಗೇ ಎಟುಕುತ್ತಿತ್ತು.
ಮೂರನೆಯದರಲ್ಲಿ ಹುಡುಗನೊಬ್ಬ ಅಳುತ್ತಿದ್ದ;
ಟೀಚರು ಪಕ್ಕದಲ್ಲಿ ನೆಲಕ್ಕೇ ಕೂತಿದ್ದರು,
ಸುಮ್ಮನಿರು ಅನ್ನದೆ.
ಅದರ ಕೆಳಗೆ ಎರಡು ಗೆರೆ ಎಳೆದೆ.

ಶಾಲಾ ಕಚೇರಿ ಚೀಟಿ ಎತ್ತಿ
ನಾಲ್ಕನೆಯದನ್ನು ಬರೆದು ಕಳಿಸಿತು:
ನಾವು ನೋಡೇ ಇಲ್ಲದ್ದು,
ರೈಲು ಹಳಿಯ ಆಚೆಯದು.

ಡುಲೂತ್‌ನಲ್ಲಿ ಬೆಳಗಿನ ಜಾವ ನಾಲ್ಕು.
ಹಿಮ ಗೋರುವ ನನ್ನ ಲಾರಿ
ಗೊತ್ತುಮಾಡಿದ ದಾರಿ ಬಿಟ್ಟು ಅತ್ತ ತಿರುಗಿತು.
ಹೆಡ್‌ಲೈಟು ಬಿದ್ದ ಕಿಟಕಿಯೊಳಗೆ
ಮೇಜಿನ ಮೇಲೆ ಬೋರಲು ಹಾಕಿದ
ಮೊಣಕಾಲೆತ್ತರದ ಕುರ್ಚಿಗಳು.

ಬಾಗಿಲ ತನಕ ಗೋರಿದೆ.
ಆಮೇಲೆ, ಹೊತ್ತಾಗಿದ್ದರೂ,
ಉಳಿದ ಮೂರರ ಮುಂದೂ.