ಒಣಗಿಸುವ ಜಾಗ

ಇಲ್ಲೇ, ಈ ಹಗ್ಗದ ಅಡಿಯಲ್ಲೇ
ನಾನು ಬೂತಾಯಿ ಒಣಗಿಸುತ್ತಿದ್ದದ್ದು.
ಈಗ ಇನ್ನೂರ ಹನ್ನೆರಡು ಬೆಡ್‌ಶೀಟು.
ಬಿಸಿಲು ಅದೇ. ಮಗುಚುವ ಕೈ ಅದೇ.
ಗಾಳಿ ತಿರುಗಿದರೆ ಬೆನ್ನಿಗೆ
ಮೊದಲು ಗೊತ್ತಾಗುವುದೂ ಹಾಗೇ ಉಳಿದಿದೆ.

ಹೊಟೇಲಿನಲ್ಲಿ ನಾಲ್ಕು ಡ್ರೈಯರ್ ಉಂಟು.
ಆದರೂ ಎಲ್ಲೋ ಅಚ್ಚು ಹಾಕಿಸಿದ್ದಾರಂತೆ
‘ಕಡಲ ಬಿಸಿಲಲ್ಲಿ ಒಣಗಿದ ಹಾಸಿಗೆ’ ಎಂದು.
ಅದಕ್ಕೆ ಬಾಡಿಗೆ ಬೇರೆ.
ನಮ್ಮ ಮೀನೂ ಕಡಲ ಬಿಸಿಲಲ್ಲೇ ಒಣಗಿದ್ದು,
ಕಟಪಾಡಿ ಸಂತೆಯಲ್ಲಿ ಅದಕ್ಕೆ ಯಾರೂ
ನಾಲ್ಕಾಣೆ ಹೆಚ್ಚು ಕೊಟ್ಟದ್ದು ನೆನಪಿಲ್ಲ.

ಸೇರಿದ ದಿನ ಸೂಪರ್‌ವೈಸರ್ ಹುಡುಗಿ
ನನ್ನ ಎರಡೂ ಅಂಗೈ ಹಿಡಿದು ಮೂಗಿನ ಹತ್ತಿರ ತಂದಳು,
ಮದುಮಗಳ ಮೆಹಂದಿ ನೋಡುವ ಹಾಗೆ.
ಒಂದು ವಾರ ಲಿಂಬೆಹುಳಿ ತಿಕ್ಕಿ ಬನ್ನಿ ಅಮ್ಮ ಎಂದಳು.
ತಿಕ್ಕಿದೆ. ಉಗುರಿನ ಬದಿ ಉರಿಯಿತು.
ಎಂಟನೇ ದಿನ ಮನೆಗೆ ಬಂದರೆ ಬೆಕ್ಕು
ಯಾರೋ ಎಂದು ಹೊಸ್ತಿಲಲ್ಲೇ ನಿಂತಿತು.

ಬೈಯಲಿಕ್ಕೆ ಕೂತವಳಲ್ಲ ನಾನು.
ಸಂಬಳ ಐದನೇ ತಾರೀಕಿಗೆ ಬರುತ್ತದೆ.
ಕಡಲು ಯಾವತ್ತೂ ತಾರೀಕು ಹೇಳಿದ್ದಿಲ್ಲ.
ಪ್ರಮೀಳಾಳ ನರ್ಸಿಂಗ್ ಫೀಸು ಕಟ್ಟಿದ್ದು
ಈ ಬಿಳಿ ಬಟ್ಟೆ, ಬೂತಾಯಿಯಲ್ಲ.
ಹೊಟೇಲಿನ ಗುದ್ದಲಿ ಬೀಳುವ ಎರಡು ವರ್ಷ ಮೊದಲೇ
ಬೂತಾಯಿ ಎತ್ತಲೋ ಹೋಗಿತ್ತು,
ವಿಳಾಸ ಕೊಡದೆ.

ರಾತ್ರಿಯದ್ದು ಮಾತ್ರ ಹೇಳಬೇಕು.
ಮೊದಲು ಮಲಗಿದಲ್ಲೇ ತೆರೆಯ ಸದ್ದು ಕೇಳಿ
ನೀರು ತೆಂಕಕ್ಕೆ ಎಳೆಯುತ್ತದೋ ಬಡಗಕ್ಕೋ ಹೇಳುತ್ತಿದ್ದೆವು.
ಈಗ ಜನರೇಟರು.
ಅದು ಯಾವ ದಿಕ್ಕಿಗೂ ಎಳೆಯುವುದಿಲ್ಲ.

ಸಂಜೆ ಐದಕ್ಕೆ ಬೂಬಣ್ಣ,
ಕೈರಂಪಣಿಗೆ ಮೂವತ್ತು ವರ್ಷ ತಾಂಡೇಲನಾಗಿದ್ದವ,
ಕೆಂಪು ಮುಂಡಾಸು ಕಟ್ಟಿ ಹನ್ನೆರಡು ಜನರೊಂದಿಗೆ ಬಲೆ ಎಳೆಯುತ್ತಾನೆ.
ಮುಂಡಾಸು ಹೊಟೇಲಿನದ್ದು, ರಾತ್ರಿ ವಾಪಸು ಕೊಡಬೇಕು.
ಅತಿಥಿಗಳೂ ಹಗ್ಗ ಹಿಡಿಯಬಹುದು.
ಬಲೆಯಲ್ಲಿ, ಮಧ್ಯಾಹ್ನವೇ ಹಾಕಿಟ್ಟ ಏಳೆಂಟು ಬಂಗುಡೆ,
ಮಲ್ಪೆಯಿಂದ ಪೆಟ್ಟಿಗೆಯಲ್ಲಿ ಬಂದದ್ದು.
ಮೊನ್ನೆ ಒಂದರ ಕಿವಿರಿನಲ್ಲಿ
ಐಸಿನ ಚೂರು ಇನ್ನೂ ಕರಗಿರಲಿಲ್ಲ.
ಚಡ್ಡಿ ಹಾಕಿದ ಸಣ್ಣದೊಂದು ಮಗು ಮುಟ್ಟಿ ನೋಡಿ ಕೇಳಿತು,
ಕಡಲಿನ ಒಳಗೆ ಇಷ್ಟು ತಣ್ಣಗೆ ಉಂಟಾ?
ಬೂಬಣ್ಣ ಸ್ವಲ್ಪ ಹೊತ್ತು ನೀರಿನ ಕಡೆ ನೋಡಿದ.
ಹೌದು ಮಗ, ಎಂದ, ತುಂಬಾ ಕೆಳಗೆ ಹೋದರೆ.

ಕಳೆದ ಬುಧವಾರ ಮುನ್ನೂರ ಆರನೇ ರೂಮಿನವರ ದೂರು:
ಹಾಸಿಗೆಯಲ್ಲಿ ಮೀನಿನ ವಾಸನೆ.
ಮ್ಯಾನೇಜರು ಶೀಟು ಮೂಸಿದರು, ಸೋಪು ಮೂಸಿದರು,
ಬುಟ್ಟಿ ಮೂಸಿದರು. ಕೊನೆಗೆ
ಮೂಸದ ಹಾಗೆ ಮಾಡಿ ನನ್ನನ್ನೂ.
ಸಿಗಲಿಲ್ಲ. ಇನ್ನೊಮ್ಮೆ ಒಗೆ ಎಂದರು. ಒಗೆದೆ.

ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.
ಅಂಗಳಕ್ಕೆಲ್ಲ ಹುಲ್ಲಿನ ಚಾಪೆ ತಂದು ಹಾಸಿದ್ದಾರೆ,
ಹಗ್ಗದ ಅಡಿಗೆ ಮಾತ್ರ ಹಿಡಿಯಲಿಲ್ಲ.
ಮೂರು ಸಲ ಹಾಸಿದರು,
ಮೂರು ಸಲವೂ ಹಳದಿಯಾಗಿ ಸತ್ತಿತು.
ಅತ್ತೆ ಚೆಲ್ಲಿದ ಉಪ್ಪು,
ಅತ್ತೆಯ ಅತ್ತೆ ಚೆಲ್ಲಿದ ಉಪ್ಪು.
ಮರಳು ಹನ್ನೆರಡರ ಬಿಸಿಲಿಗೆ ಕಾದಾಗ
ಒಂದು ಗಳಿಗೆ ಉಸಿರು ಬಿಡುತ್ತದೆ.
ಮರಳನ್ನು ಯಾವ ಮೆಷಿನಿಗೆ ಹಾಕುತ್ತಾರೆ?

ಕಾಗೆಗಳಿಗೂ ಗೊತ್ತುಂಟು.
ದಿನಾ ಬಂದು ಹಗ್ಗದ ಮೇಲೆ ಸಾಲಾಗಿ ಕೂರುತ್ತವೆ,
ಕತ್ತು ಓರೆ ಮಾಡಿ ಶೀಟು ನೋಡುತ್ತವೆ,
ಮತ್ತೆ ನನ್ನನ್ನು,
ಎಲ್ಲಿಟ್ಟಿದ್ದಿ ಎನ್ನುವ ಹಾಗೆ.
ಓಡಿಸಬೇಕು. ಬಿಳಿಯ ಮೇಲೆ ಹಿಕ್ಕೆ ಬಿದ್ದರೆ
ಸಂಬಳದಲ್ಲಿ ಹಿಡಿಯುತ್ತಾರೆ.
ಕೋಲು ಎತ್ತುತ್ತೇನೆ. ಎತ್ತಿದ್ದೇ ತಡ
ಬಾಯಿ ತನ್ನಷ್ಟಕ್ಕೆ ಕೂಗುತ್ತದೆ:
ಹೋಗಾಚೆ, ಮೀನು ನಿನ್ನಪ್ಪಂದಾ?

ಹುಲ್ಲಿನ ಮೇಲೆ ಮಲಗಿದ್ದ ಒಬ್ಬರು
ಕಪ್ಪು ಕನ್ನಡಕ ಹಣೆಗೇರಿಸಿ
ಸುತ್ತ ನೋಡುತ್ತಾರೆ,
ಯಾವ ಮೀನು ಎಂದು.