ನಾಲ್ಕು ಕಡಿಮೆ

ಮಂಗಳವಾರ, ಊಟದ ಬಿಡುವಿಗೆ ಹತ್ತು ನಿಮಿಷ ಮುಂಚೆ
ಕಿಟಕಿಯಾಚೆ ಬಂದು ನಿಂತಳು.
ಹುಬ್ಬಿನ ಮೇಲೆ ಕಾರ್ಪೆಟ್ ಗಿರಣಿಯ ನವಿರು ಧೂಳು,
ಇವತ್ತು ನೇಯ್ದದ್ದು ನೀಲಿ ಇರಬೇಕು.
"ಕಾನೂನು ಬದಲಾಯ್ತಂತೆ" ಅಂದಳು,
ಕೈಗಡ ಕೇಳಲು ಬಂದವರ ದನಿಯಲ್ಲಿ.

ಬದಲಾಯಿತು, ನಿಜ.
ಅಟ್ಲಾಂಟಾದಲ್ಲಿ ಯಾರೋ ಕೈಯೆತ್ತಿದರು, ಯಾರೋ ಎಣಿಸಿದರು,
ಇಷ್ಟು ವರ್ಷ ಹೊಸ್ತಿಲಿಗೆ ಅಡ್ಡ ಮಲಗಿದ್ದ ಪರೀಕ್ಷೆ
ಎದ್ದು, ಮೈ ಕೊಡವಿ, ಹೊರಟುಹೋಯಿತು.
ಈಗ ಒಂದು ಪುಟದ ಅರ್ಜಿ ಸಾಕು.
ಶಾಲಾ ಕಚೇರಿಯ ದಾಖಲೆ ಗುಮಾಸ್ತೆ ನಾನು,
ಅರ್ಜಿ ಕೊಡುವವಳೂ ನಾನೇ, ಇಸಕೊಳ್ಳುವವಳೂ ನಾನೇ.

ಹೆಸರು? ವರ್ನೆಟಾ ಸ್ಟ್ರಿಕ್‌ಲೆಂಡ್.
ಆಗಿನ ಹೆಸರು?
ತುಸು ತಡೆದಳು. "ಪಿಟ್ಸ್.
ಎರಡು ಟಿ. ಆಗಲೂ ಎಲ್ಲರೂ ಒಂದೇ ಬರೀತಿದ್ರು."

ನೆಲಮಾಳಿಗೆಯ ಉಕ್ಕಿನ ಡ್ರಾಯರಿನಲ್ಲಿ
ಇಪ್ಪತ್ತೆರಡು ವರ್ಷದ ಕಾರ್ಡು, ಮೂಲೆ ಮಡಿಸಿಕೊಂಡು, ಸಿಕ್ಕಿತು.
ಇಂಗ್ಲಿಷ್ ಪಾಸು. ಬರವಣಿಗೆ ಪಾಸು. ಗಣಿತ, ಸಮಾಜ, ಪಾಸು.
ವಿಜ್ಞಾನ: ೪೭೧, ೪೮೮, ೪೮೦, ೪೯೩,
ಕೊನೆಗೆ ಜುಲೈ ತಿಂಗಳ ಸೆಕೆಯಲ್ಲಿ ೪೯೬.
ಬೇಕಿದ್ದದ್ದು ಐನೂರು.

ಕಾರ್ಡನ್ನು ಅವಳ ಕಡೆ ತಿರುಗಿಸಿದ್ದು ತಪ್ಪೋ ಏನೋ.
"ನಾಲ್ಕಾ?"
ಬೆರಳಿಟ್ಟು ಮತ್ತೆ ಓದಿದಳು. "ನಾಲ್ಕೇ?"
ಅವತ್ತು ಲಕೋಟೆ ಒಡೆದದ್ದು ಅವಳಮ್ಮನಂತೆ.
ಓದಿ, ಮಡಿಸಿ, ಫ್ರಿಜ್ಜಿನ ಮೇಲಿಟ್ಟು, ಆಗಲಿಲ್ಲ ಅಂದಳಂತೆ.
"ಎಷ್ಟರಲ್ಲಿ ಅಂತ ನಾನೂ ಕೇಳಲಿಲ್ಲ.
ತುಂಬಾ ದೂರ ಅಂದ್ಕೊಂಡಿದ್ದೆ.
ಇಷ್ಟು ವರ್ಷ, ತುಂಬಾ ದೂರ ಅಂದ್ಕೊಂಡೇ ಇದ್ದೆ."

ಆಮೇಲೆ ಕೇಳಿದಳು: ಯಾವ ಪ್ರಶ್ನೆ?
ನಾನೇನು ಹೇಳಲಿ. ಪ್ರಶ್ನೆಗಳನ್ನು ಯಾರೂ ಇಟ್ಟುಕೊಂಡಿಲ್ಲ,
ಅವು ಗುಟ್ಟಾಗಿ ಬಂದವು, ಗುಟ್ಟಾಗಿ ಹೋದವು,
ಉಳಿದದ್ದು ಉತ್ತರಗಳ ಮೊತ್ತ ಮಾತ್ರ.
"ಒಂದು ನೆನಪಿದೆ" ಅಂದಳು.
"ಒಂದೇ ತಂತಿಗೆ ಸಾಲಾಗಿ ಬಲ್ಬುಗಳು. ಒಂದನ್ನ ತೆಗೆದರೆ ಉಳಿದವು ಏನಾಗ್ತವೆ?
ಬಿ ಕಪ್ಪು ಮಾಡಿದೆ. ಅಳಿಸಿದೆ. ಸಿ ಮಾಡಿದೆ.
ಕಾಗದ ಹರಿಯೋಷ್ಟು ಅಳಿಸಿದ್ದೆ.
ನಿಮಗೆ ಗೊತ್ತಾ, ಏನಾಗ್ತವೆ?"

ನನಗೆ ಗೊತ್ತಿರಲಿಲ್ಲ.
ಆ ಪರೀಕ್ಷೆ ಹುಟ್ಟುವ ಮೊದಲೇ ಶಾಲೆ ಮುಗಿಸಿದವಳು ನಾನು.
ನಮ್ಮನ್ನು ಬಲ್ಬಿನ ಬಗ್ಗೆ ಯಾರೂ ಕೇಳಲಿಲ್ಲ,
ಕರೆದರು, ಕೈಕುಲುಕಿದರು, ಕೊಟ್ಟರು.
ಆ ಕಾಗದದ ಮೇಲೆ ಈ ಕುರ್ಚಿ, ಈ ಪಿಂಚಣಿ, ಹಲ್ಲಿನ ವಿಮೆ.
ಅವಳು ಮೂರನೇ ಪಾಳಿಯಲ್ಲಿ ಕಲಿಸಿಕೊಟ್ಟ ಹುಡುಗರು ಮೂವರು
ಈಗ ಅವಳ ಮೇಲಿನ ಮೇಸ್ತ್ರಿಗಳು.
ಅದನ್ನು ಅವಳು ದೂರಿನಂತೆ ಹೇಳಲಿಲ್ಲ,
ಅರ್ಜಿಯ ಕಾರಣ ಎಂಬ ಖಾನೆಯಲ್ಲಿ ಬರೆದಳು, ಅಷ್ಟೆ.

"ಪತ್ರದಲ್ಲಿ ಹೆಸರು?"
ದಾಖಲೆಯಲ್ಲಿ ಇದ್ದಹಾಗೆ, ಅಂದೆ. ಪಿಟ್ಸ್.
"ಹಾಗಾದ್ರೆ ಅವಳಿಗೇ ಸಿಗುತ್ತೆ" ಅಂದಳು.
ನಕ್ಕಳೋ, ಮೂಗಿಗೆ ಧೂಳು ಹೋಯಿತೋ.
ಆರರಿಂದ ಎಂಟು ವಾರ. ಅಂಚೆಯಲ್ಲಾ, ಖುದ್ದಾಗಿಯಾ?
"ಖುದ್ದಾಗಿ" ಅಂದಳು ತಟ್ಟನೆ. "ಲಕೋಟೆ ಬೇಡ."

ಸಂಜೆ ಬೀಗ ಹಾಕುವ ಮುಂಚೆ
ಕಚೇರಿಯ ಕ್ರಿಸ್ಮಸ್ ಪೆಟ್ಟಿಗೆ ಕೆಳಗಿಳಿಸಿದೆ, ಅಕ್ಟೋಬರಿನಲ್ಲಿ.
ಸಿಕ್ಕು ಬಿಡಿಸಿ, ಗೋಡೆಗೆ ಚುಚ್ಚಿ,
ಉರಿಯುತ್ತಿದ್ದ ಸಾಲಿನಿಂದ ಒಂದನ್ನು ಮೆಲ್ಲಗೆ ಕಿತ್ತೆ.
ಅರ್ಧ ಸಾಲು ಆರಿತು.
ಅರ್ಧ ಉರಿಯುತ್ತಲೇ ಇತ್ತು.
ಬಿ ಏನಿತ್ತು, ಸಿ ಏನಿತ್ತು,
ಅವಳನ್ನು ಕೇಳಿಯೇ ಇರಲಿಲ್ಲ ನಾನು.