ಹದಿನೇಳನೆಯ ಗೂಡು

ಸೊಹಾರಿನಲ್ಲಿ ಬೆಳಗಿನ ಐದಕ್ಕೇ ಕಿಟಕಿಯ ಗಾಜು ಬೆವರುತ್ತದೆ,
ಹೊರಮೈಯಲ್ಲಿ.
ಒಳಗೆ ಇಪ್ಪತ್ತೆರಡು ಡಿಗ್ರಿ,
ಇಲಿಗಳಿಗಾಗಿ.

ಒಂದೊಂದನ್ನೇ ಬಾಲ ಹಿಡಿದೆತ್ತಿ
ತಕ್ಕಡಿಯ ಡಬ್ಬಿಗಿಳಿಸಿ ಗ್ರಾಮು ಬರೆಯುತ್ತೇನೆ.
ಒಂಬತ್ತು ವರ್ಷದಿಂದ
ನನ್ನ ಅಕ್ಷರ ದುಂಡಗಿರುವುದು ಈ ಪುಸ್ತಕದಲ್ಲಿ ಮಾತ್ರ.

ಬೆಣ್ಣೆ ಸಕ್ಕರೆ ಕಲಸಿದ ಉಂಡೆ, ಎಂಟು ವಾರ.
ಯಾವ ಅತ್ತೆಯೂ ಹೊಸ ಅಳಿಯನಿಗೆ
ಇಷ್ಟು ಉಪಚಾರ ಮಾಡಿರಲಿಕ್ಕಿಲ್ಲ.
ಈಗ ಅರ್ಧಕ್ಕೆ ಮಧುನಾಶಿನಿಯ ಸಾರ,
ಉಳಿದರ್ಧಕ್ಕೆ ಬರೀ ನೀರು.

ನೀರಿನ ಗುಂಪಿಗೆ ಡಾಕ್ಟರ್ ಬುಥೈನಾ
'ಕಂಟ್ರೋಲ್' ಅನ್ನುತ್ತಾರೆ.
ನಮ್ಮ ಕಡೆ ಕಂಟ್ರೋಲ್ ಅಂದರೆ ಅಕ್ಕಿ,
ಕಲ್ಲು ಆರಿಸಿ ಆರಿಸಿ ಅಮ್ಮನ ಕಣ್ಣು ಮಂಜಾದದ್ದು.
ಅದನ್ನುಂಡು ಐವತ್ತೆರಡು ಕೇಜಿಯಾಗಿ ಇಲ್ಲಿಗಿಳಿದೆ.
ಯಾರೂ ಇಲ್ಲದಾಗ ಆಹಾರದ ಮೂಟೆ ತೂಗುವ ಕಾಟಾದ ಮೇಲೆ
ನಿಂತು ನೋಡಿದೆ: ಎಂಬತ್ತೊಂದು.
ಕರಕ್ ಚಹಾ, ಖುಬ್ಬೂಸು, ನಡೆಯಲಾಗದ ರಸ್ತೆ.
ಪುಸ್ತಕದಲ್ಲಿ ನನಗೆ ಅಂಕಣವಿಲ್ಲ.

ಎಲೆ ಬಂದದ್ದು ಕಾರ್ಗೋದಲ್ಲಿ, ಗೋಣಿ ಹೊಲಿದು,
ಕಾಗದಕ್ಕೆ ಮೂರು ಮುದ್ರೆ ಹೊತ್ತು.
ಬಿಚ್ಚಿದಾಗ ಗೂಡುಗಳ ಉಚ್ಚೆವಾಸನೆಗೆ
ಒಣಹುಲ್ಲಿನ ಬಣವೆಯೊಂದು ಅಡ್ಡ ನಿಂತಿತು.

ಡ್ರೈವರ್ ದಾದ್‌ಕರೀಮನಿಗೆ ಸಕ್ಕರೆ ಮುನ್ನೂರರ ಮೇಲೆ.
ಮಗಳಿಗೆ ಗಂಡು ಹುಟ್ಟಿದೆಯೆಂದು
ಬಟ್ಟಲು ತುಂಬ ಹಲ್ವಾ ತಂದಿದ್ದ, ಇನ್ನೂ ಬಿಸಿ.
"ಒಂದೆಲೆ ಕೊಡು."
ಕೊಡಬಾರದು, ಇದಿನ್ನೂ ಪರೀಕ್ಷೆಯಲ್ಲಿದೆ,
ಇಲಿಗೆ ಆದದ್ದು ಮನುಷ್ಯನಿಗೆ ಆಗಬೇಕೆಂದಿಲ್ಲ ಅಂದೆ.
"ಇಲಿಗೊಂದು ನ್ಯಾಯ, ನನಗೊಂದಾ?"

ಹಿಂಬಾಗಿಲ ಮೆಟ್ಟಿಲಲ್ಲಿ ಇಬ್ಬರೂ ಅಗಿದೆವು.
ಕಹಿ. ಆಮೇಲೆ ಏನೂ ಇಲ್ಲ.
ನಾಲಿಗೆಗೆ ಚಿಟಿಕೆ ಸಕ್ಕರೆ ಇಟ್ಟೆ:
ಮರಳು.
ಗೇಟಿನಾಚೆ ಗಾಳಿ ಗುಡಿಸಿ ತರುತ್ತಲ್ಲ, ಅದೇ.

ಹಲ್ವಾದಲ್ಲಿ ಸಿಹಿ ಹೋಗಿ ಉಳಿದದ್ದು
ತುಪ್ಪ, ಏಲಕ್ಕಿ, ಗುಲಾಬಿನೀರು,
ತಾಮ್ರದ ಕಡಾಯಿ, ತಳದ ಸೌದೆಹೊಗೆ.
ಅವನು ಬೆರಳು ನೋಡುತ್ತ ಕೂತ.
"ನನ್ನಪ್ಪ ಹಲ್ವಾ ಕೆದಕುತ್ತಿದ್ದವನು," ಅಂದ,
"ಮನೆಗೆ ಬಂದಾಗ ಅಂಗಿ ಹೀಗೇ ನಾರುತ್ತಿತ್ತು."
ಒಂದು ಚಮಚಕ್ಕೇ ಬಟ್ಟಲು ಮುಚ್ಚಿಟ್ಟ.
ಗುಣವಾಯಿತೆಂದು ನಾನು ಬರೆಯಲಾರೆ.

ಹದಿನೇಳನೆಯ ಗೂಡಿನದು ನಾಲ್ಕು ಗ್ರಾಮು ಇಳಿದಿದೆ,
ನಲವತ್ತಾರಿಂದ ನಲವತ್ತೆರಡಕ್ಕೆ.
ಕುಣಿಯಬೇಕೆನ್ನುವಾಗ ಪಕ್ಕದ ಹದಿನೆಂಟು,
ಬರೀ ನೀರು ಕುಡಿದದ್ದು,
ಅದೂ ಮೂರು ಇಳಿದು ಕೂತಿದೆ.
ಡಾಕ್ಟರು ಅಂಚಿನಲ್ಲೊಂದು ಪ್ರಶ್ನಾರ್ಥಕ ಎಳೆದರು.
ಗುರುವಾರ ಯಕೃತ್ತುಗಳ ತೂಕ.
ಗುರುವಾರ ಅಂದರೆ ಏನೆಂದು
ಬಾಲ ಹಿಡಿಯುವ ಬೆರಳಿಗೆ ಗೊತ್ತು.

ಏಳೂಕಾಲಿಗೆ, ಹಲ್ಲಿನ ಸಂದಿಯಲ್ಲಿ ಅಂಟಿದ್ದ ಚೂರೊಂದು
ಇದ್ದಕ್ಕಿದ್ದಂತೆ ಸಿಹಿಯಾಯಿತು.
ನಾನು ಹದಿನೇಳನೆಯ ಗೂಡಿಗೆ
ಹೊಸ ಹೊಟ್ಟು ಹರಡುತ್ತಿದ್ದೆ.